ಪೆನ್ಸಿಲ್ ಕಡ್ಡಿಯೊಳಗಿನ 'ಕಟಿಂಗ್' ಇಲೆಕ್ಟ್ರಾನ್

1984ನೇ ಇಸವಿಯ ಮಾತು. ಮುಂಬಯಿಯ ಫೋರ್ಟ್ ಪರಿಸರದ ಒಂದು ಕನ್ನಡ ರಾತ್ರಿಶಾಲೆಯಲ್ಲಿ ನಾನು ವಿಜ್ಞಾನದ ಪಾಠ ಹೇಳುತ್ತಿದ್ದೆ. ಹಗಲು ಬ್ಯಾಂಕಿನಲ್ಲಿ ಗುಮಾಸ್ತಿಕೆ, ಸಂಜೆ ಏಳರ ಮೇಲೆ ಮಾಸ್ತರಿಕೆ. ನನ್ನ ವಿದ್ಯಾರ್ಥಿಗಳ ಪಾಡೂ ಅದೇ. ಹಗಲೆಲ್ಲ ಉಡುಪಿ ಹೊಟೇಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕಣ್ಣುಜ್ಜಿಕೊಳ್ಳುತ್ತ ಬೆಂಚಿನ ಮೇಲೆ ಕೂರುವ ಹುಡುಗರು. ಒಂದು ದಿನ ಪರಮಾಣುವಿನ ಪಾಠ ನಡೆದಿತ್ತು. "ಇಲೆಕ್ಟ್ರಾನ್ ಎಂಬುದು ವಿದ್ಯುತ್ತಿನ ಅತಿ ಸಣ್ಣ ಚಿಲ್ಲರೆ ನಾಣ್ಯ. ಅದನ್ನು ಮತ್ತೆ ಚಿಲ್ಲರೆ ಮಾಡಲು ಬರುವುದಿಲ್ಲ" ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಮಾಸ್ಟ್ರೇ, ಒಂದು ಚಹಾವನ್ನು ಎರಡು ಮಾಡಿ ಕಟಿಂಗ್ ಕೊಡುತ್ತೇವಲ್ಲ, ಹಾಗೆ ಕಟಿಂಗ್ ಇಲೆಕ್ಟ್ರಾನ್ ಸಿಗುವುದಿಲ್ಲವೋ?"

ತರಗತಿಗೆ ತರಗತಿಯೇ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ಇಲ್ಲ ಮಾರಾಯ, ಕೂತುಕೋ" ಎಂದು ಪಾಠ ಮುಂದುವರಿಸಿದೆ.

ಆ ಹುಡುಗ ಈಗ ಉಪನಗರದಲ್ಲಿ ಒಂದು ಹೊಟೇಲಿನ ಮಾಲಿಕ. ಕಳೆದ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮಗಳನ್ನು ಕರೆದುಕೊಂಡು ಬಂದಿದ್ದ. ಹುಡುಗಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುವುದರಲ್ಲಿದ್ದಾಳೆ. "ಮಾಸ್ಟ್ರೇ, ಇವಳಿಗೆ ಮುಂದೆ ಸಂಶೋಧನೆ ಮಾಡಬೇಕಂತೆ. ಐದಾರು ವರ್ಷ ಹಿಡಿಯುತ್ತದಂತೆ. ವಿಷಯದ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಇದರಿಂದ ಯಾರಿಗೆ ಏನು ಉಪಯೋಗ? ನೀವೇ ಒಂದು ಮಾತು ಹೇಳಿ" ಎಂದ. ಯಾವ ವಿಷಯವಮ್ಮ ಎಂದು ಕೇಳಿದೆ. "ಗ್ರಾಫೀನ್‌ನಲ್ಲಿ ಭಿನ್ನರಾಶಿಯ ಕ್ವಾಂಟಮ್ ಹಾಲ್ ಪರಿಣಾಮ, ಸರ್. ಅಲ್ಲಿ ಇಲೆಕ್ಟ್ರಾನಿನ ಮೂರನೇ ಒಂದು ಪಾಲು ಆವೇಶ ಓಡಾಡುತ್ತದೆ" ಎಂದಳು.

ನನಗೆ ಮಾತೇ ಹೊರಡಲಿಲ್ಲ. ಮನೆಗೆ ಬಂದು ಪುಸ್ತಕ ತೆರೆದು ನೋಡಿದರೆ, ನಾನು ಅವಳ ಅಪ್ಪನನ್ನು "ಇಲ್ಲ, ಕೂತುಕೋ" ಎಂದು ಕೂರಿಸುವುದಕ್ಕೆ ಎರಡು ವರ್ಷ ಮೊದಲೇ, 1982ರಲ್ಲೇ, ಆ ಮೂರನೇ ಒಂದು ಪತ್ತೆಯಾಗಿಬಿಟ್ಟಿತ್ತು! ಅಪ್ಪನ ಅಂದಿನ ಪ್ರಶ್ನೆಗೂ ಇಂದಿನ ಪ್ರಶ್ನೆಗೂ ನಾನು ಉತ್ತರ ಕೊಡುವುದು ಬಾಕಿ ಇದೆ. ಓದುಗ ಬಂಧುಗಳೇ, ಈ ಲೇಖನ ಆ ಬಾಕಿಯ ಸಂದಾಯ.

ಒಬ್ಬ ವಿದ್ಯಾರ್ಥಿಯ ಸಂಶಯ

ಕತೆ ಆರಂಭವಾಗುವುದು 1879ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಎಡ್ವಿನ್ ಹಾಲ್ ಎಂಬ ತರುಣ ವಿದ್ಯಾರ್ಥಿ ಮ್ಯಾಕ್ಸ್‌ವೆಲ್ ಮಹಾಶಯನ ಗ್ರಂಥ ಓದುತ್ತಿದ್ದ. ವಿದ್ಯುತ್ ಹರಿಯುವ ತಂತಿಯ ಬಳಿ ಅಯಸ್ಕಾಂತ ಹಿಡಿದರೆ ಬಲ ಬೀಳುವುದು ತಂತಿಯ ಮೇಲೆ, ಒಳಗೆ ಹರಿಯುವ ವಿದ್ಯುತ್ತಿನ ಮೇಲಲ್ಲ ಎಂದು ಅದರಲ್ಲಿ ಬರೆದಿತ್ತು. ಹಾಲ್‌ನಿಗೆ ಇದು ಸರಿಕಾಣಲಿಲ್ಲ. ಅವನ ಗುರು ಹೆನ್ರಿ ರೋಲೆಂಡ್ "ಕೂತುಕೋ" ಎನ್ನಲಿಲ್ಲ, ಪ್ರಯೋಗ ಮಾಡಲು ಬಿಟ್ಟ. ಗಾಜಿನ ಮೇಲೆ ಅಂಟಿಸಿದ ತೆಳ್ಳನೆಯ ಚಿನ್ನದ ರೇಕಿನ ಉದ್ದಕ್ಕೆ ವಿದ್ಯುತ್ ಹರಿಸಿ, ಮೇಲಿನಿಂದ ಕಾಂತಕ್ಷೇತ್ರ ಹಾಯಿಸಿದಾಗ, ರೇಕಿನ ಅಡ್ಡಕ್ಕೂ ಒಂದು ಸಣ್ಣ ವೋಲ್ಟೇಜ್ ಕಾಣಿಸಿಕೊಂಡಿತು.

ನಮ್ಮ ಲೋಕಲ್ ಗಾಡಿಯನ್ನೇ ನೆನೆದುಕೊಳ್ಳಿ. ಜನ ಒಂದು ಬಾಗಿಲಿನಿಂದ ಒಳನುಗ್ಗಿ ಮುಂದೆ ಸಾಗುತ್ತಿರುವಾಗ ಗಾಡಿ ತಿರುವಿನಲ್ಲಿ ವಾಲಿದರೆ ಎಲ್ಲರೂ ಒಂದೇ ಬದಿಗೆ ಒತ್ತಿಕೊಳ್ಳುತ್ತಾರಲ್ಲವೇ? ಕಾಂತಕ್ಷೇತ್ರ ಇಲೆಕ್ಟ್ರಾನುಗಳಿಗೆ ಮಾಡುವುದು ಅದನ್ನೇ. ಹೀಗೆ ಹುಟ್ಟಿದ ಅಡ್ಡ ವೋಲ್ಟೇಜನ್ನು ಉದ್ದಕ್ಕೆ ಹರಿಯುವ ಪ್ರವಾಹದಿಂದ ಭಾಗಿಸಿದರೆ ಬರುವುದು 'ಹಾಲ್ ರೋಧ'. ಸ್ವಾರಸ್ಯವೆಂದರೆ ಆಗ ಇಲೆಕ್ಟ್ರಾನ್ ಎಂಬುದೇ ಗೊತ್ತಿರಲಿಲ್ಲ. ಅದನ್ನು ಜೆ.ಜೆ. ಥಾಮ್ಸನ್ ಕಂಡುಹಿಡಿದದ್ದು 18 ವರ್ಷಗಳ ಅನಂತರ, 1897ರಲ್ಲಿ.

ಇಳಿಜಾರಿನ ಬದಲು ಮೆಟ್ಟಿಲು

ನೂರು ವರ್ಷ ಈ ಪರಿಣಾಮ ಪಠ್ಯಪುಸ್ತಕದಲ್ಲಿ ತಣ್ಣಗೆ ಮಲಗಿತ್ತು. ಕಾಂತಕ್ಷೇತ್ರ ಹೆಚ್ಚಿದಂತೆ ಹಾಲ್ ರೋಧವೂ ಒಂದೇ ಸಮನೆ ಏರುತ್ತದೆ, ಅಷ್ಟೇ. ಆದರೆ 1980ರ ಫೆಬ್ರವರಿಯಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿ ಕೆಲಸ ಮಾಡುತ್ತಿದ್ದ ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಬೇರೆಯೇ ಕಂಡರು. ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಇಲೆಕ್ಟ್ರಾನುಗಳು ಒಂದು ತೆಳು ಹಾಳೆಯಂತೆ ಹರಡಿಕೊಂಡಿರುತ್ತವೆ. ಅದನ್ನು ಅತಿಯಾಗಿ ತಂಪುಮಾಡಿ ಪ್ರಬಲ ಕಾಂತಕ್ಷೇತ್ರದಲ್ಲಿಟ್ಟಾಗ ಹಾಲ್ ರೋಧದ ರೇಖೆ ಇಳಿಜಾರಿನಂತೆ ಇರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿತ್ತು. ಪ್ರತಿ ಮೆಟ್ಟಿಲಿನ ಎತ್ತರವೂ 25,812.8 ಓಮ್‌ಗಳನ್ನು 1, 2, 3, 4 ಎಂಬ ಪೂರ್ಣಾಂಕಗಳಿಂದ ಭಾಗಿಸಿದಷ್ಟು. ವಸ್ತುವಿನ ಆಕಾರ ಏನೇ ಇರಲಿ, ಅದರಲ್ಲಿ ಕಶ್ಮಲ ಇರಲಿ, ಸಂಖ್ಯೆ ಮಾತ್ರ ಕದಲದು. ಈ ಶೋಧಕ್ಕೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಮೆಟ್ಟಿಲುಗಳ ಗುಟ್ಟು ತಿಳಿಯಲು ಮದುವೆ ಮನೆಯ ಪಂಕ್ತಿಗೆ ಹೋಗೋಣ. ಕಾಂತಕ್ಷೇತ್ರ ಇಲೆಕ್ಟ್ರಾನುಗಳಿಗೆ ಸಾಲುಸಾಲಾಗಿ ಎಲೆ ಹಾಕುತ್ತದೆ. ಒಂದು ಎಲೆಗೆ ಒಂದೇ ಇಲೆಕ್ಟ್ರಾನ್, ಇದು ಪ್ರಕೃತಿಯ ಕಟ್ಟುನಿಟ್ಟು. ಕ್ಷೇತ್ರ ಹೆಚ್ಚಿಸಿದರೆ ಪ್ರತಿ ಸಾಲಿನಲ್ಲೂ ಎಲೆಗಳು ಹೆಚ್ಚುತ್ತವೆ. ಒಂದು ಸಾಲು ಪೂರ್ತಿ ತುಂಬಿದಾಗ ಒಂದು ಮೆಟ್ಟಿಲು, ಎರಡು ಸಾಲು ತುಂಬಿದಾಗ ಇನ್ನೊಂದು. ಮುಂದಿನ ಸಾಲು ದೂರದಲ್ಲಿರುವುದರಿಂದ ಪಂಕ್ತಿ ಅಲುಗಾಡುವುದಿಲ್ಲ. ಪೂರ್ಣಾಂಕಗಳು ಬರುವುದು ಹೀಗೆ.

ಮೂರು ಎಲೆಗೆ ಒಬ್ಬ

ಕ್ಷೇತ್ರವನ್ನು ಇನ್ನೂ ಹೆಚ್ಚಿಸುತ್ತ ಹೋದರೆ? ಎಲೆಗಳೇ ಹೆಚ್ಚಾಗಿ, ಮೊದಲ ಸಾಲೂ ಪೂರ್ತಿ ತುಂಬದ ಸ್ಥಿತಿ ಬರುತ್ತದೆ. ಅಲ್ಲಿ ಮೆಟ್ಟಿಲು ಇದ್ದೀತೆಂದು ಯಾರೂ ಎಣಿಸಿರಲಿಲ್ಲ. ಆದರೆ ಅಮೆರಿಕದ ಬೆಲ್ ಪ್ರಯೋಗಾಲಯದ ಡೇನಿಯಲ್ ತ್ಸುಯಿ, ಹಾರ್ಸ್ಟ್ ಸ್ಟಾರ್ಮರ್ ಮತ್ತು ಆರ್ಥರ್ ಗೊಸಾರ್ಡ್ ಪರೀಕ್ಷಿಸಿಯೇ ನೋಡಿದರು. ಗೊಸಾರ್ಡ್ ಬೆಳೆಸಿದ, ಅತಿ ಶುದ್ಧವಾದ ಗ್ಯಾಲಿಯಂ ಆರ್ಸೆನೈಡ್ ಸ್ಫಟಿಕ. ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಅರ್ಧ ಡಿಗ್ರಿಯಷ್ಟು ಮೇಲೆ. ಕಾಂತಕ್ಷೇತ್ರ ಸುಮಾರು 15 ಟೆಸ್ಲಾ, ಅಂದರೆ ನಮ್ಮ ಭೂಮಿಯ ಕಾಂತಕ್ಷೇತ್ರದ ಮೂರು ಲಕ್ಷ ಪಟ್ಟಿಗೂ ಹೆಚ್ಚು. ಎಲೆಗಳಲ್ಲಿ ಸರಿಯಾಗಿ ಮೂರನೇ ಒಂದು ಭಾಗ ಮಾತ್ರ ತುಂಬಿದ್ದಾಗ ಅಲ್ಲೊಂದು ಹೊಸ ಮೆಟ್ಟಿಲು! ಅದರ ಎತ್ತರ 25,812.8ರ ಮೂರು ಪಟ್ಟು. 1982ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಭಿನ್ನರಾಶಿಯ ಕ್ವಾಂಟಮ್ ಹಾಲ್ ಪರಿಣಾಮ.

ಮರುವರ್ಷ ರಾಬರ್ಟ್ ಲಾಫ್ಲಿನ್ ಇದಕ್ಕೆ ವಿವರಣೆ ಕೊಟ್ಟರು. ಇಲೆಕ್ಟ್ರಾನುಗಳೆಲ್ಲ ಋಣ ಆವೇಶದವು, ಒಂದಕ್ಕೊಂದು ಆಗದು. ಜಾಗ ಧಾರಾಳವಾಗಿದ್ದಾಗ ಪ್ರತಿಯೊಂದೂ ಉಳಿದವುಗಳಿಂದ ಆದಷ್ಟು ದೂರ ಇರಲು ನೋಡುತ್ತದೆ. ಹಾಗೆಂದು ಮೂರು ಎಲೆಗೊಬ್ಬರಂತೆ ಗಟ್ಟಿಯಾಗಿ ಕೂತುಬಿಡುವುದಿಲ್ಲ. ಕೋಲಾಟದವರ ಹಾಗೆ ಎಲ್ಲರೂ ಸುತ್ತುತ್ತಿರುತ್ತಾರೆ, ಯಾರಿಗೂ ಯಾರೂ ತಾಗುವುದಿಲ್ಲ. ಲಕ್ಷಾಂತರ ಇಲೆಕ್ಟ್ರಾನುಗಳು ಸೇರಿ ಒಂದೇ ಲಯದ ದ್ರವವಾಗುತ್ತವೆ.

ಈಗ 'ಕಟಿಂಗ್' ಎಲ್ಲಿ ಬಂತು ನೋಡಿ. ಮೂರು ಎಲೆಗೆ ಒಬ್ಬ ಅತಿಥಿಯಂತೆ ಪಂಕ್ತಿ ಹದವಾಗಿದೆ. ಯಾರೋ ಒಂದು ಎಲೆ ಹೆಚ್ಚು ಹಾಕಿದರು. ಆ ಒಂದು ಎಲೆಗೆ ಎಷ್ಟು ಅತಿಥಿಗಳ ಕೊರತೆ? ಲೆಕ್ಕ ಹಾಕಿ, ಮೂರನೇ ಒಂದು! ಕೂತವರೆಲ್ಲ ಇಡಿ ಇಡಿ ಮನುಷ್ಯರೇ, ಯಾರನ್ನೂ ಕತ್ತರಿಸಿಲ್ಲ. ಆದರೂ ಪಂಕ್ತಿಯಲ್ಲಿ ಸರಿದಾಡುವ ಆ ಕೊರತೆ ಮಾತ್ರ ಒಂದರ ಮೂರನೇ ಪಾಲಿನದು. ಇಲೆಕ್ಟ್ರಾನ್ ತುಂಡಾಗುವುದಿಲ್ಲ. ಎಲ್ಲವೂ ಸೇರಿ ಬಾಳುವ ರೀತಿಯಿಂದ ಆ ಮೂರನೇ ಒಂದು ಹುಟ್ಟುತ್ತದೆ. 1997ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿಯೂ ಫ್ರಾನ್ಸಿನ ಸಾಕ್ಲೆಯಲ್ಲಿಯೂ ಇದನ್ನು ಅಳೆದೇ ತೋರಿಸಿದರು. ತಗಡಿನ ಮಾಡಿನ ಮೇಲಿನ ಸದ್ದಿನಿಂದ ಮಳೆಹನಿಯ ಗಾತ್ರ ಊಹಿಸುವಂತೆ, ಪ್ರವಾಹದ ಗದ್ದಲ ಅಳೆದಾಗ 'ಹನಿ'ಯ ಆವೇಶ ಇಲೆಕ್ಟ್ರಾನಿನ ಮೂರನೇ ಒಂದು ಎಂದು ಬಂತು. ಲಾಫ್ಲಿನ್, ಸ್ಟಾರ್ಮರ್, ತ್ಸುಯಿ ಅವರಿಗೆ 1998ರ ನೊಬೆಲ್ ಸಂದಿತು.

ಸಾಂಭರದ ಹುಡುಗನ ಲೆಕ್ಕ

1/3 ಅಷ್ಟೇ ಅಲ್ಲ, 2/5, 3/7 ಹೀಗೆ ಮೆಟ್ಟಿಲುಗಳು ಒಂದೊಂದಾಗಿ ಕಾಣತೊಡಗಿದವು. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿದವರು ಒಬ್ಬ ಭಾರತೀಯರು, ಜೈನೇಂದ್ರ ಜೈನ್. ರಾಜಸ್ಥಾನದ ಸಾಂಭರದಲ್ಲಿ ಹುಟ್ಟಿ, ಬಾಲ್ಯದ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡು, 'ಜೈಪುರ ಕಾಲಿ'ನ ಬಲದಿಂದ ನಡೆದು ಓದಿದವರು. ಜೈಪುರ, ಕಾನ್ಪುರ ಐ.ಐ.ಟಿ., ಅಲ್ಲಿಂದ ಅಮೆರಿಕ.

1989ರಲ್ಲಿ ಅವರು ಹೇಳಿದ್ದು ಹೀಗೆ. ಪ್ರತಿಯೊಬ್ಬ ಅತಿಥಿಯೂ ಎರಡು ಎಲೆಗಳನ್ನು ತನ್ನದೇ ಆಗಿಸಿಕೊಂಡುಬಿಡುತ್ತಾನೆ ಎಂದುಕೊಳ್ಳಿ. ಆಗ 1/3ರಲ್ಲಿ ಮೂರು ಎಲೆಗಳ ಪೈಕಿ ಎರಡು ಹೋಗಿ ಒಂದು ಉಳಿಯಿತು. ಒಬ್ಬನಿಗೆ ಒಂದು ಎಲೆ, ಒಂದು ಸಾಲು ಭರ್ತಿ! 2/5ರಲ್ಲಿ ಐದು ಎಲೆ, ಇಬ್ಬರು ಅತಿಥಿಗಳು. ನಾಲ್ಕು ಎಲೆ ಹೋಗಿ ಒಂದು ಉಳಿಯಿತು. ಇಬ್ಬರಿಗೆ ಒಂದು ಎಲೆಯೆಂದರೆ ಎರಡು ಸಾಲು ಭರ್ತಿ. 3/7ನ್ನು ನೀವೇ ಮಾಡಿ ನೋಡಿ, ಮೂರು ಸಾಲು ಬರುತ್ತದೆ. ಹೀಗೆ ವಿಚಿತ್ರ ಭಿನ್ನರಾಶಿಗಳೆಲ್ಲ ಹಳೆಯ ಪೂರ್ಣಾಂಕಗಳೇ ಆಗಿಹೋದವು. ಎರಡು ಎಲೆ ಹೊತ್ತ ಈ ಇಲೆಕ್ಟ್ರಾನಿಗೆ ಅವರು 'ಸಂಯುಕ್ತ ಫರ್ಮಿಯಾನ್' ಎಂಬ ಅರ್ಥದ ಹೆಸರಿಟ್ಟರು. 2025ರಲ್ಲಿ ಜೈನ್ ಅವರಿಗೆ, ವೈಜ್‌ಮನ್ ಸಂಸ್ಥೆಯ ಮೊರ್ಡೆಹಾಯ್ ಹೈಬ್ಲುಮ್ ಮತ್ತು ಜೇಮ್ಸ್ ಐಸೆನ್‌ಸ್ಟೈನ್ ಅವರೊಂದಿಗೆ, ಭೌತಶಾಸ್ತ್ರದ ವುಲ್ಫ್ ಪ್ರಶಸ್ತಿ ದೊರೆಯಿತು.

ಸೀಸದ ಕಡ್ಡಿಯ ಸರದಿ

ಇಷ್ಟು ಹೊತ್ತು ಕೇಳಿದ್ದು ದುಬಾರಿ ಸ್ಫಟಿಕಗಳ ಕತೆ. ಇನ್ನು ಬಡವರ ವಸ್ತುವೊಂದರ ಸರದಿ. ನಾವು ಬಾಲ್ಯದಲ್ಲಿ 'ಸೀಸದ ಕಡ್ಡಿ' ಎನ್ನುತ್ತಿದ್ದೆವಲ್ಲ, ಅದರಲ್ಲಿ ಸೀಸ ಇಲ್ಲವೇ ಇಲ್ಲ, ಇರುವುದು ಜೇಡಿ ಬೆರೆಸಿದ ಗ್ರಾಫೈಟ್, ಅಂದರೆ ಇಂಗಾಲ. ಗ್ರಾಫೈಟ್ ಎಂದರೆ ಹಾಳೆಯ ಮೇಲೆ ಹಾಳೆ ಇಟ್ಟ ಕಟ್ಟು. ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಹಾಳೆಗಳು! ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಆರುಮೂಲೆಯಾಗಿ ಹೆಣೆದುಕೊಂಡ ಇಂಥ ಒಂದೇ ಒಂದು ಹಾಳೆಯ ಹೆಸರು ಗ್ರಾಫೀನ್. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಮತ್ತೆಮತ್ತೆ ಸುಲಿದು ಒಂಟಿ ಹಾಳೆಯನ್ನು ಬೇರ್ಪಡಿಸಿ ಅದರ ಗುಣಗಳನ್ನು ಅಳೆದರು. 2010ರಲ್ಲಿ ಅವರಿಗೂ ನೊಬೆಲ್.

ಇಲೆಕ್ಟ್ರಾನುಗಳಿಗೆ ಇದಕ್ಕಿಂತ ತೆಳುವಾದ ಅಂಗಳ ಬೇರಿಲ್ಲ. ಅಲ್ಲಿ ಅವು ತೂಕವೇ ಇಲ್ಲದವುಗಳಂತೆ, ಬೆಳಕಿನ ಮುನ್ನೂರನೇ ಒಂದು ಭಾಗದ ವೇಗದಲ್ಲಿ ಓಡುತ್ತವೆ. 2005ರಲ್ಲಿ ಮ್ಯಾಂಚೆಸ್ಟರಿನವರೂ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಫಿಲಿಪ್ ಕಿಮ್ ತಂಡದವರೂ ಗ್ರಾಫೀನ್‌ನಲ್ಲಿ ಮೆಟ್ಟಿಲುಗಳನ್ನು ಕಂಡರು. 2007ರಲ್ಲಂತೂ, ಅತಿ ಪ್ರಬಲ ಕಾಂತಕ್ಷೇತ್ರದಲ್ಲಿ, ತಂಪೇ ಮಾಡದೆ ಕೋಣೆಯ ಉಷ್ಣತೆಯಲ್ಲಿಯೇ ಅವು ಗೋಚರಿಸಿದವು. ಆದರೆ ಎಲ್ಲ ಪೂರ್ಣಾಂಕದ ಜಾತಿಯವೇ. ಭಿನ್ನರಾಶಿ ಎಲ್ಲಿ? ಗ್ರಾಫೀನ್‌ನ ಇಲೆಕ್ಟ್ರಾನುಗಳ ನಡುವಿನ ವಿಕರ್ಷಣೆ ಪ್ರಬಲ, ಮೂರನೇ ಒಂದು ಕಾಣಲೇಬೇಕಿತ್ತು. ವರ್ಷ ಕಳೆದರೂ ಕಾಣಲಿಲ್ಲ.

ನೆಲವನ್ನೇ ತೆಗೆದುಬಿಟ್ಟರು

ದೋಷ ಗ್ರಾಫೀನ್‌ನದಲ್ಲ, ಅದನ್ನು ಹಾಸಿದ ನೆಲದ್ದು. ಸಿಲಿಕಾನ್ ಬಿಲ್ಲೆಯ ಮೇಲಿನ ಗಾಜಿನಂಥ ಪದರದ ಮೇಲೆ ಅದನ್ನು ಹಾಸುತ್ತಿದ್ದರು. ಆ ಪದರದ ಉಬ್ಬುತಗ್ಗು, ಅದರಲ್ಲಿ ಸಿಕ್ಕಿಕೊಂಡ ಬಿಡಿ ಆವೇಶಗಳು ಮೇಲಿನ ಇಲೆಕ್ಟ್ರಾನುಗಳನ್ನು ಅಲ್ಲಲ್ಲಿ ಎಳೆದು ಹಿಡಿಯುತ್ತಿದ್ದವು. ನೆಲವೇ ಹೊಂಡಗುಂಡಿಯಾಗಿದ್ದರೆ ಕೋಲಾಟದವರು ಜೊತೆಗಾರರ ಕಡೆ ಗಮನ ಕೊಟ್ಟಾರೆಯೇ? ಎಡವದಂತೆ ನೋಡಿಕೊಳ್ಳುವುದೇ ಆದೀತು. ಪೂರ್ಣಾಂಕದ ಮೆಟ್ಟಿಲಿಗೆ ಇಲೆಕ್ಟ್ರಾನುಗಳ ಪರಸ್ಪರ ಹೊಂದಾಣಿಕೆ ಬೇಕಿಲ್ಲ, ಭಿನ್ನರಾಶಿಗೆ ಅದೇ ಜೀವ.

ಹಾಗಾದರೆ ನೆಲವೇ ಬೇಡವೆಂದರು! ಆಮ್ಲದಿಂದ ಕೆಳಗಿನ ಪದರವನ್ನು ಕರಗಿಸಿ, ಎರಡು ಲೋಹದ ದಡಗಳ ನಡುವೆ ಗ್ರಾಫೀನನ್ನು ತೂಗುಸೇತುವೆಯಂತೆ ನಿಲ್ಲಿಸಿದರು. ಬಳಿಕ ಅದರಲ್ಲೇ ವಿದ್ಯುತ್ ಹರಿಸಿ ಕಾಯಿಸಿ, ಅಂಟಿದ್ದ ಕೊಳೆಯನ್ನು ಕಳೆದರು. 2009ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಈವಾ ಆಂದ್ರೇ ಅವರ ತಂಡವೂ ಕೊಲಂಬಿಯಾದ ಫಿಲಿಪ್ ಕಿಮ್ ತಂಡವೂ ಬೇರೆಬೇರೆಯಾಗಿ, ಇಂಥ ತೂಗುವ ಗ್ರಾಫೀನ್‌ನಲ್ಲಿ 1/3ರ ಮೆಟ್ಟಿಲು ಕಂಡು ವರದಿ ಮಾಡಿದವು. 1982ರ ಶೋಧದ ಸ್ಟಾರ್ಮರ್ ಈ ಕೊಲಂಬಿಯಾ ತಂಡದಲ್ಲೂ ಇದ್ದರೆಂಬುದು ಗಮನಾರ್ಹ.

ಆದರೆ ತೂಗುವ ಹಾಳೆ ಬಲು ನಾಜೂಕು. ಅದರಿಂದ ಹೆಚ್ಚು ಕೆಲಸ ತೆಗೆಯಲಾಗದು. ಒಳ್ಳೆಯ ನೆಲವೊಂದು ಬೇಕೇ ಬೇಕಾಯಿತು. ಅದು ದೊರೆತದ್ದು ಜಪಾನಿನಿಂದ. ತ್ಸುಕುಬಾ ನಗರದ ಸಂಸ್ಥೆಯೊಂದರಲ್ಲಿ ಕೆಂಜಿ ವಾತಾನಾಬೆ ಮತ್ತು ತಕಾಶಿ ತಾನಿಗುಚಿ ಬೆಳೆಸುವ ಬೋರಾನ್ ನೈಟ್ರೈಡ್ ಸ್ಫಟಿಕ. ಅದರದೂ ಜೇನುಗೂಡಿನ ಹೆಣಿಗೆಯೇ. ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಮೇಲ್ಮೈ ಬಲು ಸಮ. 2010ರಲ್ಲಿ ಕೊಲಂಬಿಯಾದವರು ಗ್ರಾಫೀನನ್ನು ಅದರ ಮೇಲೆ ಹಾಸಿದರು. ಮರುವರ್ಷವೇ ಭಿನ್ನರಾಶಿಗಳ ಸಾಲು ಸಾಲೇ ಕಾಣಿಸಿತು. ಈ ಇಬ್ಬರು ಜಪಾನೀಯರ ಸ್ಫಟಿಕಗಳು ಇಂದು ಜಗತ್ತಿನ ನಾನಾ ಪ್ರಯೋಗಾಲಯಗಳಿಗೆ ಹೋಗುತ್ತವೆ. ನೆಲ ಸಮ ಮಾಡಿಕೊಟ್ಟವರ ಹೆಸರನ್ನು ನೆನೆಯುವುದು ನಮ್ಮ ಧರ್ಮ.

ಬೆಂಗಳೂರಿನಲ್ಲಿ, ಕೊಲಾಬಾದಲ್ಲಿ

ಇದೆಲ್ಲ ದೂರದೇಶದ ಮಾತು ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಹಿರಿಯರ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್', ಅಲ್ಲಿ ಅನಿಂದ್ಯ ದಾಸ್ ಅವರ ತಂಡ ಅದೇ ಜಪಾನಿ ಸ್ಫಟಿಕಗಳ ನಡುವೆ ಗ್ರಾಫೀನ್ ಇಟ್ಟು ಒಂದು ಕಠಿಣ ಅಳತೆ ಮಾಡಿತು. ಕ್ವಾಂಟಮ್ ಹಾಲ್ ಸ್ಥಿತಿಯಲ್ಲಿ ಪ್ರವಾಹ ಹರಿಯುವುದು ಹಾಳೆಯ ಅಂಚಿನ ದಾರಿಗಳಲ್ಲಿ. ಆ ದಾರಿಗಳಲ್ಲಿ ವಿದ್ಯುತ್ ಎಷ್ಟು ಎಂಬುದರ ಬದಲು ಶಾಖ ಎಷ್ಟು ಸಾಗುತ್ತದೆ ಎಂದು ಅವರು ಅಳೆದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 1, 2, 6 ಎಂಬ ಪೂರ್ಣಾಂಕದ ಮೆಟ್ಟಿಲುಗಳ ಜೊತೆಗೆ 4/3 ಎಂಬ ಭಿನ್ನರಾಶಿಯೂ ಇದೆ. 4/3ರಲ್ಲಿ ಎರಡು ದಾರಿಗಳು. ಒಂದು ಪೂರ್ತಿ ವಿದ್ಯುತ್ ಒಯ್ಯುತ್ತದೆ, ಇನ್ನೊಂದು ಮೂರನೇ ಒಂದು ಮಾತ್ರ. ಆದರೆ ಶಾಖವನ್ನು ಎರಡೂ ಸಮನಾಗಿಯೇ ಒಯ್ಯುತ್ತವೆ! ಶೇಕಡಾ 5ರೊಳಗಿನ ನಿಖರತೆಯಲ್ಲಿ ಇದು ಸಿದ್ಧವಾಯಿತು. ನಮ್ಮ ಮುಂಬಯಿಯ ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಮಂದಾರ್ ದೇಶಮುಖ್ ಅವರ ತಂಡ ಗ್ರಾಫೀನ್ ಪದರಗಳಲ್ಲಿ ಕ್ವಾಂಟಮ್ ಹಾಲ್ ಪರಿಣಾಮವನ್ನು ಅಭ್ಯಸಿಸುತ್ತ ಬಂದಿದೆ. ನಾನು ಪಾಠ ಹೇಳುತ್ತಿದ್ದ ರಾತ್ರಿಶಾಲೆಯಿಂದ ಅದು ಬಸ್ಸಿನ ದಾರಿ.

2024ರಲ್ಲಿ ಇನ್ನೊಂದು ಅಚ್ಚರಿ ಬಂತು. ಅಮೆರಿಕದ ಎಂ.ಐ.ಟಿ.ಯ ಲಾಂಗ್ ಜು ಅವರ ತಂಡ ಐದು ಗ್ರಾಫೀನ್ ಹಾಳೆಗಳನ್ನು ಮೆಟ್ಟಿಲಿನಂತೆ ಸರಿದು ಕೂತ ಕ್ರಮದಲ್ಲಿ ಬೋರಾನ್ ನೈಟ್ರೈಡ್‌ಗೆ ಜೋಡಿಸಿದಾಗ, ಹೊರಗಿನ ಕಾಂತಕ್ಷೇತ್ರವೇ ಇಲ್ಲದೆ 2/3, 3/5, 2/5, 3/7 ಮೊದಲಾದ ಭಿನ್ನರಾಶಿಗಳು ಬಂದವು. ಹಿಂದಿನ ವರ್ಷವಷ್ಟೇ ಮಾಲಿಬ್ಡಿನಂ ಟೆಲ್ಯುರೈಡ್ ಎಂಬ ಬೇರೊಂದು ವಸ್ತುವಿನಲ್ಲಿ ಇಂಥದು ಕಂಡಿತ್ತು. ಅಂದರೆ ದೈತ್ಯ ಅಯಸ್ಕಾಂತ ಬೇಡ, ಎಲೆಗಳನ್ನು ವಸ್ತುವೇ ಹಾಕಿಕೊಳ್ಳುತ್ತದೆ. ತೀವ್ರ ತಂಪು ಮಾತ್ರ ಈಗಲೂ ಬೇಕು.

ಉಪಯೋಗ ಏನು?

ಈಗ ಅಪ್ಪನ ಎರಡನೆಯ ಪ್ರಶ್ನೆ. ಪೂರ್ಣಾಂಕದ ಮೆಟ್ಟಿಲುಗಳ ಉಪಯೋಗ ಸಂದೇಹವಿಲ್ಲದ್ದು. ಅಳತೆಯ ಪ್ರಯೋಗಾಲಯಗಳು ಓಮ್ ಎಂಬ ಮಾನವನ್ನು ಅದರಿಂದಲೇ ನಿಖರವಾಗಿ ತೆಗೆಯುತ್ತವೆ, ಆ ಕೆಲಸಕ್ಕೆ ಗ್ರಾಫೀನನ್ನೂ ಬಳಸುತ್ತಾರೆ. ಭಿನ್ನರಾಶಿಯ ವಿಷಯದಲ್ಲಿ ಸುಳ್ಳು ಹೇಳಬಾರದು. ಅದರಿಂದ ಅಂಗಡಿಗೆ ಬಂದ ಯಂತ್ರ ಇನ್ನೂ ಯಾವುದೂ ಇಲ್ಲ. ಆಸೆಯೊಂದಿದೆ. ಈ ಪಾಲುಗಳು ಒಂದರ ಸುತ್ತ ಇನ್ನೊಂದು ಸುತ್ತಿಬಂದರೆ, ಸುತ್ತಿದ್ದರ ಗುರುತು ಅಳಿಯದೆ ಉಳಿಯುತ್ತದೆ. 2020ರಲ್ಲಿ ಪ್ಯಾರಿಸಿನಲ್ಲೂ ಅಮೆರಿಕದ ಪರ್ಡ್ಯೂನಲ್ಲೂ ಇದಕ್ಕೆ ಸಾಕ್ಷ್ಯ ಸಿಕ್ಕಿತು. ಇಂಥ ನೆನಪಿನ ಇನ್ನೂ ಆಳವಾದ ಬಗೆಯೊಂದು, ಛೇದದಲ್ಲಿ ಸಮಸಂಖ್ಯೆಯಿರುವ ಕೆಲವು ಭಿನ್ನರಾಶಿಗಳಲ್ಲಿ ಅಡಗಿರಬಹುದೆಂದು ವಿದ್ವಾಂಸರ ಊಹೆ. ಎರಡು ಹಾಳೆಯ ಗ್ರಾಫೀನ್‌ನಲ್ಲಿ ಅಂಥ ಭಿನ್ನರಾಶಿಗಳು ಕಂಡಿವೆ. ಊಹೆ ನಿಜವಾದರೆ, ಸಣ್ಣ ಅಡಚಣೆಗಳಿಗೆ ಕೆಡದ ಕ್ವಾಂಟಮ್ ಕಂಪ್ಯೂಟರಿಗೆ ಅದು ಬುನಾದಿಯಾದೀತು. ಆಗದೆಯೂ ಹೋದೀತು.

ಕಳೆದ ತಿಂಗಳು ಅವನ ಹೊಟೇಲಿಗೆ ಹೋಗಿ ಇಷ್ಟನ್ನೂ ಹೇಳಿದೆ. ಮೊದಲು, 1984ರಲ್ಲಿ ನಾನು ಹೇಳಿದ ಉತ್ತರ ಅರ್ಧವೇ ಆಗಿತ್ತು ಎಂದು ಒಪ್ಪಿಕೊಂಡೆ. ಇಲೆಕ್ಟ್ರಾನನ್ನು ಕತ್ತರಿಸಲಾಗದು ಎಂಬುದು ಸರಿ, ಮೂರನೇ ಒಂದು ಸಿಗುವುದೇ ಇಲ್ಲ ಎಂಬುದು ತಪ್ಪು. "ಅಂದು ಕೇಳಿದ ಪ್ರಶ್ನೆ ನಿನಗೇ ನೆನಪಿಲ್ಲವೇನೋ" ಎಂದೆ. "ಪ್ರಶ್ನೆ ನೆನಪಿಲ್ಲ ಮಾಸ್ಟ್ರೇ. ಎಲ್ಲರೂ ನಕ್ಕದ್ದು ನೆನಪಿದೆ. ಆಮೇಲೆ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ" ಎಂದ. ಆ ಮಾತು ನನಗೆ ನಾಟಿತು.

ಹುಡುಗಿ ಗಲ್ಲಾದ ಪಕ್ಕ ನಿಂತಿದ್ದಳು. ಮಾಣಿ ಎರಡು ಕಟಿಂಗ್ ತಂದಿಟ್ಟ. "ಇದು ಕತ್ತರಿಸಿದ್ದು ಸರ್, ಎರಡು ಲೋಟದಲ್ಲೂ ಕಡಿಮೆಯೇ. ಅಲ್ಲಿ ಹಾಗಲ್ಲ, ಯಾರೂ ಕಡಿಮೆಯಾಗುವುದಿಲ್ಲ" ಎಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಗಳೂರಿನಲ್ಲಿ ಹಾಸ್ಟೆಲ್ ಇರುತ್ತದೋ?" ಎಂದು ಕೇಳಿದ.

ಇರುತ್ತದೆ ಎಂದೆ. ಈ ಸಲದ ಉತ್ತರ ಪೂರ್ತಿಯಾಗಿಯೇ ಸರಿ.